ಬಟ್ಟಲು ಇಡುವ ಮೊದಲು ವಾಪಸು ಟಿಕೆಟಿನ ತಾರೀಖು ನೋಡಿ

ಟೆಕ್ಸಸ್‌ನ ರೌಂಡ್ ರಾಕ್ ಊರಿನ ಕನ್ನಡ ಮನೆಗಳಲ್ಲಿ ಬೀದಿ ಬೆಕ್ಕಿಗೆ ಊಟ ಹಾಕುವ ಅಭ್ಯಾಸ ಹೆಚ್ಚಾಗಿ ಅಜ್ಜಿ-ತಾತನಿಂದ ಶುರುವಾಗುತ್ತದೆ. ಆರು ತಿಂಗಳಿಗೆಂದು ಮಗಳ ಮನೆಗೋ ಮಗನ ಮನೆಗೋ ಬಂದವರು ಅವರು. ದೊಡ್ಡವರು ಡೆಲ್‌ಗೋ ಆಸ್ಟಿನ್ ಕಡೆಯ ಇನ್ಯಾವುದೋ ಆಫೀಸಿಗೋ ಹೋಗಿರುತ್ತಾರೆ, ಮಕ್ಕಳು ಶಾಲೆಗೆ. ಕಾರಿಲ್ಲದೆ ತರಕಾರಿ ಅಂಗಡಿಗೂ ಹೋಗಲಾಗದ ಊರು. ಹಿತ್ತಲಿನ ಬೇಲಿಯ ಮೇಲೆ ಒಂದು ಬೆಕ್ಕು ಬಂದು ಕೂತರೆ ಆ ದಿನಕ್ಕೆ ಅದೇ ನೆಂಟ. ಮೊದಲ ದಿನ ಒಂದು ತಟ್ಟೆ ಹಾಲು, ಮರುದಿನ ಮೊಸರನ್ನ. ವಾರದೊಳಗೆ ಬೆಕ್ಕು ಹೊತ್ತಿಗೆ ಸರಿಯಾಗಿ ಬಂದು ಬಾಗಿಲ ಮುಂದೆ ಕಾಯುತ್ತದೆ, ತಿಂಗಳೊಳಗೆ ಅದರ ಹಿಂದೆ ಇನ್ನೆರಡು ಬರುತ್ತವೆ. ಆರನೇ ತಿಂಗಳು ಅಜ್ಜಿ-ತಾತ ವಿಮಾನ ಹತ್ತುತ್ತಾರೆ.

ಇಲ್ಲೇ ನೆಲೆಸಿದವರ ಕಥೆಯೂ ಬೇರೆಯಲ್ಲ. ಮೇ ಕೊನೆಗೆ ಶಾಲೆ ಮುಚ್ಚಿದರೆ ತೆರೆಯುವುದು ಆಗಸ್ಟ್ ಮಧ್ಯಕ್ಕೆ. ಬೆಂಗಳೂರು, ಮೈಸೂರು, ಮಂಗಳೂರು ಎಂದು ಐದಾರು ವಾರ ಮನೆಗೆ ಬೀಗ ಬೀಳುತ್ತದೆ. ಸಾಕುನಾಯಿ ಇದ್ದರೆ ಯಾರ ಮನೆಯಲ್ಲಿ ಬಿಡುವುದೆಂದು ಟಿಕೆಟು ತೆಗೆಯುವ ದಿನವೇ ಯೋಚಿಸುತ್ತೇವೆ. ಹಿತ್ತಲಿಗೆ ಬರುವ ಬೆಕ್ಕಿನ ನೆನಪಾಗುವುದು ಸೂಟ್‌ಕೇಸು ತೂಕ ಮಾಡುವಾಗ.

ಹಸಿದ ಪ್ರಾಣಿಗೆ ಅನ್ನ ಹಾಕುವುದು ಒಳ್ಳೆಯ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಿಂಗಳುಗಟ್ಟಲೆ ಹಾಕಿ ಒಂದು ದಿನ ಥಟ್ಟನೆ ನಿಲ್ಲಿಸುವುದು ಅನ್ಯಾಯ. ಸಂತಾನಹರಣ ಮಾಡಿಸದೆ ಹಾಕುತ್ತಲೇ ಹೋಗುವುದು ಇನ್ನೂ ದೊಡ್ಡ ಅನ್ಯಾಯ. ಮೊದಲ ಬಟ್ಟಲು ಇಡುವ ಮುಂಚೆ ಒಂದು ಪ್ರಶ್ನೆಗೆ ಮನೆಯವರೆಲ್ಲ ಸೇರಿ ಉತ್ತರ ಕಂಡುಕೊಳ್ಳಿ: ನಾವಿಲ್ಲದ ದಿನ ಯಾರು ಹಾಕುತ್ತಾರೆ?

ಅದಕ್ಕೂ ಮೊದಲು ಬೆಕ್ಕು ಯಾರದ್ದು ಎಂದು ತಿಳಿಯಬೇಕು. ಇಲ್ಲಿ ಸಾಕಿದ ಬೆಕ್ಕನ್ನೂ ಹೊರಗೆ ಬಿಡುವವರು ಬಹಳ. ಮೈ ತುಂಬಿಕೊಂಡು, ಕೂದಲು ಹೊಳೆಯುತ್ತ, ಕರೆದರೆ ಕಾಲಿಗೆ ಮೈ ಉಜ್ಜುವ ಬೆಕ್ಕು ನಾಲ್ಕು ಮನೆ ಆಚೆಯವರದ್ದಿರಬಹುದು. ಅದಕ್ಕೆ ಔಷಧಿಯೋ ಪಥ್ಯದ ಊಟವೋ ನಡೆಯುತ್ತಿರಬಹುದು. ಮುಟ್ಟಿಸಿಕೊಳ್ಳುವಂಥ ಬೆಕ್ಕಾದರೆ ಒಂದು ಕಾಗದದ ಪಟ್ಟಿಯಲ್ಲಿ 'ಈ ಬೆಕ್ಕು ನಿಮ್ಮದೇ?' ಎಂದು ಬರೆದು, ಫೋನ್ ನಂಬರ್ ಹಾಕಿ ಕೊರಳಿಗೆ ಸಡಿಲವಾಗಿ ಅಂಟಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಕಾಗದ ತಾನೇ ಹರಿದುಹೋಗುತ್ತದೆ, ದಾರ ಮಾತ್ರ ಕಟ್ಟಬೇಡಿ. ಪಶುವೈದ್ಯರ ಹತ್ತಿರ ಅಥವಾ ಪ್ರಾಣಿ ಆಶ್ರಯ ಕೇಂದ್ರದಲ್ಲಿ ಮೈಕ್ರೋಚಿಪ್ ಇದೆಯೇ ಎಂದು ನೋಡಿಸಬಹುದು. ರೌಂಡ್ ರಾಕ್‌ನವರಿಗೆ ಆಶ್ರಯ ಕೇಂದ್ರವೆಂದರೆ ಜಾರ್ಜ್‌ಟೌನ್‌ನಲ್ಲಿರುವ ವಿಲಿಯಮ್‌ಸನ್ ಕೌಂಟಿ ರೀಜನಲ್ ಅನಿಮಲ್ ಶೆಲ್ಟರ್. ಸೀಡರ್ ಪಾರ್ಕ್, ಲಿಯಾಂಡರ್, ಹಟ್ಟೊ ಊರುಗಳಿಗೂ ಅದೇ.

ಇನ್ನೊಂದು ಗುರುತು ಕಿವಿಯಲ್ಲಿದೆ. ಎಡಗಿವಿಯ ತುದಿ ಕತ್ತರಿಸಿದಂತೆ ನೇರವಾಗಿದ್ದರೆ ಆ ಬೆಕ್ಕಿಗೆ ಸಂತಾನಹರಣ ಆಗಿದೆ ಎಂದರ್ಥ. ಅರಿವಳಿಕೆಯಲ್ಲಿರುವಾಗಲೇ ವೈದ್ಯರು ಮಾಡುವ ಗುರುತು ಅದು, ಗಾಯವಲ್ಲ. ಅಂಥ ಬೆಕ್ಕಿನ ಹಿಂದೆ ಯಾರೋ ಒಬ್ಬರು ಈಗಾಗಲೇ ಇದ್ದಾರೆ. ಅವರನ್ನು ಹುಡುಕಿ ಮಾತಾಡಿ. ಎರಡು ಮನೆಯವರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಬೆಕ್ಕಿಗೆ ಎರಡು ಹೊತ್ತು ಹಾಕುತ್ತಿರುವುದು ಈ ಬಡಾವಣೆಗಳಲ್ಲಿ ಅಪರೂಪವೇನಲ್ಲ.

ಹಾಲಿನ ತಟ್ಟೆ ಬೇಡ

ಇದನ್ನು ಹಿರಿಯರಿಗೆ ಹೇಳುವುದು ಕಷ್ಟ, ಆದರೂ ಹೇಳಬೇಕು. ತಾಯಿಯ ಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿ ಹತ್ತುತ್ತದೆ. ಬೀದಿಯಲ್ಲಿ ಬದುಕುವ ಬೆಕ್ಕಿಗೆ, ಅದರಲ್ಲೂ ಮರಿಗೆ, ಟೆಕ್ಸಸ್ ಬಿಸಿಲಿನಲ್ಲಿ ಭೇದಿ ಎಂದರೆ ಮೈಯ ನೀರು ಬತ್ತಿ ಪ್ರಾಣಕ್ಕೇ ಕುತ್ತು. ಅಜ್ಜಿಗೆ 'ಹಾಲು ಹಾಕಬೇಡಿ' ಎಂದಷ್ಟೇ ಹೇಳಿದರೆ ಮನಸ್ಸಿಗೆ ನೋವಾಗುತ್ತದೆ. 'ನೀರು ಇಡಿ ಅಜ್ಜಿ, ಬೆಳಿಗ್ಗೆ ಸಂಜೆ ಬದಲಾಯಿಸೋ ಕೆಲಸ ನಿಮ್ಮದು' ಎಂದು ಹೇಳಿ ನೋಡಿ. ಜೂನ್-ಜುಲೈನಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಸಾರು-ಹುಳಿ ಕಲಸಿದ ಅನ್ನವೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಒಗ್ಗರಣೆಯ ಬೆಳ್ಳುಳ್ಳಿ, ಈರುಳ್ಳಿ ಪುಡಿ ಬೆರೆತ ಅಂಗಡಿ ತಿಂಡಿ ಕೂಡ ಲೆಕ್ಕಕ್ಕೆ ಬರುತ್ತದೆ. ಹಬ್ಬಕ್ಕೆ ತಂದ ಲಿಲಿ ಹೂವಿನ ಗೊಂಚಲನ್ನು ಬಾಡಿದ ಮೇಲೆ ಪ್ಯಾಟಿಯೊದಲ್ಲಿ ಎಸೆಯಬೇಡಿ. ಅದರ ಎಲೆ, ಪರಾಗ, ಹೂದಾನಿಯ ನೀರು ಸಹ ಬೆಕ್ಕಿನ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತದೆ.

ಸಸ್ಯಾಹಾರಿ ಮನೆಗಳಲ್ಲಿ ತೊಡಕು ಇನ್ನೊಂದು ಬಗೆಯದು. ಮಾಂಸದ ಡಬ್ಬಿಯನ್ನು ಅಡುಗೆಮನೆಗೆ ತರಲು ಮನಸ್ಸು ಒಪ್ಪದು. ಆ ಸಂಕೋಚ ನನಗೆ ಅರ್ಥವಾಗುತ್ತದೆ, ಅದನ್ನು ಯಾರೂ ಹೀಯಾಳಿಸಬೇಕಿಲ್ಲ. ಆದರೆ ಬೆಕ್ಕಿನ ದೇಹಕ್ಕೆ ಬೇಕಾದ ಟಾರಿನ್ ಎಂಬ ಅಂಶ ಅನ್ನ, ಬೇಳೆ, ಮೊಸರಿನಲ್ಲಿ ಸಾಲದು. ಅದು ಕಡಿಮೆಯಾದರೆ ಕ್ರಮೇಣ ಕಣ್ಣು ಮಂಜಾಗುತ್ತದೆ, ಹೃದಯ ಸೋಲುತ್ತದೆ. ಬೆಕ್ಕು ಹುಟ್ಟಾ ಮಾಂಸಾಹಾರಿ, ನಮ್ಮ ವ್ರತ ಅದರ ವ್ರತವಾಗಲಾರದು. ಇದಕ್ಕೆ ಸುಲಭದ ದಾರಿ ಒಣ ಆಹಾರ. ಗ್ಯಾರೇಜಿನಲ್ಲಿ ಬಿಗಿ ಮುಚ್ಚಳದ ಒಂದು ಡಬ್ಬಿ, ಅದರೊಳಗೇ ಒಂದು ಅಳತೆ ಲೋಟ, ಬೆಕ್ಕಿಗೇ ಮೀಸಲಾದ ಎರಡು ಪಿಂಗಾಣಿ ಬಟ್ಟಲು. ತೊಳೆಯುವುದು ಹಿತ್ತಲ ನಲ್ಲಿಯಲ್ಲಿ. ಅಡುಗೆಮನೆಗೆ ಏನೂ ಬರಬೇಕಿಲ್ಲ. ಇಷ್ಟಕ್ಕೂ ಮನೆಯವರು ಒಪ್ಪದಿದ್ದರೆ ಊಟದ ಜವಾಬ್ದಾರಿ ಪಕ್ಕದ ಮನೆಯವರಿಗೆ ಬಿಟ್ಟು ನೀವು ನೀರು, ನೆರಳು, ಚಿಕಿತ್ಸೆಯ ಖರ್ಚು ನೋಡಿಕೊಳ್ಳಿ. ಅದೂ ಪೂರ್ಣ ಸೇವೆಯೇ.

ಸುಮಾರು ನಾಲ್ಕು ಕೆಜಿ ತೂಗುವ ಬೆಕ್ಕಿಗೆ ದಿನಕ್ಕೆ ಅರ್ಧ ಕಪ್‌ನಷ್ಟು ಒಣ ಆಹಾರ ಸಾಕು. ದಿನವೂ ಒಂದೇ ಹೊತ್ತಿಗೆ, ಬೆಳಕಿರುವಾಗಲೇ ಹಾಕಿ. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಎತ್ತಿಬಿಡಿ. ಕೆಲವು ದಿನಗಳಲ್ಲಿ ಬೆಕ್ಕುಗಳು ಹೊತ್ತು ಕಲಿಯುತ್ತವೆ. ರಾತ್ರಿ ಬಟ್ಟಲು ಹೊರಗಿದ್ದರೆ ಬರುವುದು ಬೆಕ್ಕಲ್ಲ. ರಕೂನ್, ಪಾಸಮ್, ಸ್ಕಂಕ್ ಬರುತ್ತವೆ, ಅವುಗಳ ವಾಸನೆ ಹಿಡಿದು ಕಯೋಟಿಯೂ ಬರಬಹುದು. ಬ್ರಷಿ ಕ್ರೀಕ್ ಹಳ್ಳದ ದಂಡೆಗೆ ಹತ್ತಿರದ ಮನೆಗಳವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಇಲ್ಲಿನ ಬೆಂಕಿ ಇರುವೆಗಳು ಹತ್ತು ನಿಮಿಷದಲ್ಲಿ ಬಟ್ಟಲು ಮುತ್ತುತ್ತವೆ. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ಅದರ ನಡುವೆ ಊಟದ ಬಟ್ಟಲು ಇಟ್ಟರೆ ಇರುವೆ ದಾಟುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಸಿಹಿತಿಂಡಿ ಡಬ್ಬಿಗೆ ಮಾಡುತ್ತಿದ್ದ ಉಪಾಯವೇ ಇದು.

ಮೊದಲು ಚಿಕಿತ್ಸೆ, ಆಮೇಲೆ ಪ್ರಯಾಣ

ಬೆಕ್ಕಿನ ಗಬ್ಬದ ಅವಧಿ ಸುಮಾರು 63ರಿಂದ 65 ದಿನ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು. ಅಂದರೆ ಆರು ತಿಂಗಳ ಒಂದು ಭೇಟಿ ಮುಗಿಯುವಷ್ಟರಲ್ಲಿ ಒಂದೇ ಹೆಣ್ಣು ಬೆಕ್ಕು ಎರಡು ಸೂಲು ಮರಿ ಹಾಕಬಲ್ಲದು, ಮೊದಲ ಸೂಲಿನ ಹೆಣ್ಣು ಮರಿಗಳೂ ಅಷ್ಟರಲ್ಲಿ ಗಬ್ಬವಾಗಬಲ್ಲವು. ಒಳ್ಳೆಯ ಊಟ ಸಿಕ್ಕಷ್ಟೂ ಹೆಚ್ಚು ಮರಿ ಉಳಿಯುತ್ತವೆ. ನಾವು ಒಂದಕ್ಕೆ ಇಟ್ಟ ಬಟ್ಟಲು ನಾವು ಹೊರಡುವಾಗ ಹತ್ತರ ಹಸಿವಾಗಿರುತ್ತದೆ.

ಹಿಡಿದು, ಸಂತಾನಹರಣ ಮಾಡಿಸಿ, ಹಿಡಿದ ಜಾಗದಲ್ಲೇ ಬಿಡುವ ಪದ್ಧತಿಯನ್ನು ಇಲ್ಲಿ ಟಿಎನ್‌ಆರ್ ಎನ್ನುತ್ತಾರೆ. ಆಸ್ಟಿನ್ ಹ್ಯೂಮೇನ್ ಸೊಸೈಟಿ ಬೀದಿ ಬೆಕ್ಕುಗಳಿಗಾಗಿಯೇ ಇಂಥ ಕಾರ್ಯಕ್ರಮ ನಡೆಸುತ್ತದೆ. 1999ರಲ್ಲಿ ಆಸ್ಟಿನ್‌ನಲ್ಲಿ ಶುರುವಾದ ಎಮಾನ್ಸಿಪೆಟ್ ಕಡಿಮೆ ಖರ್ಚಿನಲ್ಲಿ ಶಸ್ತ್ರಚಿಕಿತ್ಸೆ, ಲಸಿಕೆ ಕೊಡುತ್ತದೆ. ಜಾರ್ಜ್‌ಟೌನ್‌ನ ಶೆಲ್ಟರ್‌ಗೂ ಒಂದು ಫೋನ್ ಮಾಡಿ. ಯಾವ ವಾರ, ಎಷ್ಟು ಹೊತ್ತಿಗೆ, ಶುಲ್ಕ ಎಷ್ಟು, ಬೋನು ಎರವಲು ಸಿಗುತ್ತದೆಯೇ, ರೌಂಡ್ ರಾಕ್ ವಿಳಾಸದವರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿಕೊಂಡೇ ಹೊರಡಿ. ಡಾಲಸ್‌ನ ಓದುಗರು ಡಾಲಸ್ ಅನಿಮಲ್ ಸರ್ವಿಸಸ್‌ನಿಂದ, ಹ್ಯೂಸ್ಟನ್‌ನವರು ನಗರದ ಬಾರ್ಕ್ ಕೇಂದ್ರದಿಂದ ವಿಚಾರಣೆ ಶುರುಮಾಡಬಹುದು.

ಹಿಡಿಯುವ ಕೆಲಸ ಹೊಸಬರು ಅಂದುಕೊಂಡಷ್ಟು ಭಯಾನಕವಲ್ಲ. ಕೆಲವು ದಿನ ಮುಂಚಿನಿಂದ ಬಾಗಿಲು ತೆರೆದು ಕಟ್ಟಿದ ಬೋನಿನ ಹತ್ತಿರ, ಆಮೇಲೆ ಅದರ ಒಳಗೆ ಊಟ ಇಡುತ್ತ ಬನ್ನಿ. ಹಿಡಿಯುವ ಹಿಂದಿನ ದಿನ ಊಟ ನಿಲ್ಲಿಸಿ, ನೀರು ಮಾತ್ರ ಇರಲಿ. ಮರುದಿನ ವಾಸನೆ ಬರುವ ಮೀನಿನ ಡಬ್ಬಿಯ ಒಂದು ಚಮಚ ಬೋನಿನ ಕೊನೆಯಲ್ಲಿಟ್ಟರೆ ಸಾಕು. ಬಾಗಿಲು ಬಿದ್ದ ಕೂಡಲೇ ಹಳೆಯ ಬೆಡ್‌ಶೀಟು ಮುಚ್ಚಿ. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಬಿಸಿಲಲ್ಲಿ, ಕಾರಿನೊಳಗೆ, ಒಂದು ಕ್ಷಣವೂ ಬಿಟ್ಟು ಹೋಗಬೇಡಿ. ಬೋನಿನಿಂದ ತೆಗೆದು ಬುಟ್ಟಿಗೆ ಹಾಕಲು ಹೋಗಬೇಡಿ. ಚಿಕಿತ್ಸೆ ಆದ ಮೇಲೆ ಗಂಡು ಬೆಕ್ಕನ್ನು ಒಂದು ರಾತ್ರಿ, ಹೆಣ್ಣನ್ನು ಒಂದೆರಡು ರಾತ್ರಿ ಗ್ಯಾರೇಜಿನ ತಂಪಾದ ಮೂಲೆಯಲ್ಲಿಟ್ಟು, ಎಚ್ಚರ ಪೂರ್ತಿ ಬಂದು ಊಟ ಮಾಡಿದ ಮೇಲೆ ಹಿಡಿದ ಜಾಗದಲ್ಲೇ ಬಿಡಿ. ಗ್ಯಾರೇಜು ಕಾದ ಬಾಣಲೆಯಂತಿರುವ ಜುಲೈನಲ್ಲಿ ಮನೆಯೊಳಗಿನ ಬಚ್ಚಲುಮನೆಯೇ ವಾಸಿ. ರೇಬೀಸ್ ಲಸಿಕೆಯನ್ನೂ ಅದೇ ದಿನ ಹಾಕಿಸಿ. ಸಾಕಿದ ಬೆಕ್ಕು-ನಾಯಿಗೆ 16 ವಾರ ತುಂಬುವಷ್ಟರಲ್ಲಿ ಈ ಲಸಿಕೆ ಹಾಕಿಸಬೇಕೆಂದು ಟೆಕ್ಸಸ್ ಕಾನೂನೇ ಹೇಳುತ್ತದೆ.

ಬೇಲಿಯ ಮೂಲೆಯಲ್ಲಿ ಮರಿಗಳು ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಊಟಕ್ಕೆ ಹೋಗಿರುತ್ತದೆ. ಕೆಲವು ಗಂಟೆ ದೂರದಿಂದ ನೋಡಿ. ಎಂಟು ವಾರದೊಳಗಿನ ಮರಿಗಳು ಮನುಷ್ಯರಿಗೆ ಬೇಗ ಹೊಂದಿಕೊಳ್ಳುತ್ತವೆ, ಅವಕ್ಕೆ ಮನೆ ಹುಡುಕಬಹುದು. ದೊಡ್ಡದಾಗಿ ಬೆಳೆದ ಕಾಡುಸ್ವಭಾವದ ಬೆಕ್ಕನ್ನು 'ಹೋಗುವ ಮುಂಚೆ ಒಳ್ಳೆಯ ಜಾಗ ಸೇರಿಸೋಣ' ಎಂದು ಆಶ್ರಯ ಕೇಂದ್ರಕ್ಕೆ ಒಪ್ಪಿಸಿದರೆ ಅದಕ್ಕೆ ಪಂಜರವೇ ನರಕ, ದತ್ತು ಹೋಗುವ ಸಾಧ್ಯತೆಯೂ ಕಡಿಮೆ. ಊರಾಚೆಯ ಯಾವುದೋ ತೋಟದ ಹತ್ತಿರ ಬಿಟ್ಟು ಬರುವುದಂತೂ ಕೂಡದು. ಗೊತ್ತಿಲ್ಲದ ಜಾಗದಲ್ಲಿ ನೀರಿನ ದಾರಿ ತಿಳಿಯದೆ ಬೆಕ್ಕು ಸಾಯುತ್ತದೆ. ವಶದಲ್ಲಿರುವ ಪ್ರಾಣಿಯನ್ನು ಹೀಗೆ ತೊರೆಯುವುದು ಟೆಕ್ಸಸ್‌ನಲ್ಲಿ ಪ್ರಾಣಿಹಿಂಸೆಯ ಅಪರಾಧ, ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ ಬೀಳಬಹುದು. ಸಂತಾನಹರಣ ಮಾಡಿಸಿ ಮೂಲ ಜಾಗಕ್ಕೇ ಬಿಡುವವರು ಈ ಕಲಮಿನ ಭಯ ಪಡಬೇಕಾಗಿಲ್ಲ. 2023ರಲ್ಲಿ ರಾಜ್ಯದ ಶಾಸನಸಭೆ ಎಚ್‌ಬಿ 3660 ಎಂಬ ಮಸೂದೆಯ ಮೂಲಕ ಅವರಿಗೆ ರಕ್ಷಣೆ ಕೊಟ್ಟಿದೆ.

ಯಾರ ಕೈಗೆ ಒಪ್ಪಿಸುವುದು?

'ಸ್ವಯಂಚಾಲಿತ ಫೀಡರ್ ಇಟ್ಟು ಹೋಗುತ್ತೇನೆ' ಎನ್ನುವವರಿದ್ದಾರೆ. ಮನೆಯೊಳಗಿನ ಬೆಕ್ಕಿಗೆ ಎರಡು ದಿನ ಅದು ಸಾಕಾದೀತು. ಹೊರಗಿಟ್ಟರೆ ಮೊದಲ ರಾತ್ರಿಯೇ ರಕೂನ್ ಅದನ್ನು ಉರುಳಿಸಿ ಬಿಚ್ಚುತ್ತದೆ. ಅದರ ಕೈಬೆರಳುಗಳ ಚಳಕ ಕಂಡವರಿಗೆ ಇದು ಗೊತ್ತು. ಐದು ವಾರಕ್ಕೆ ಮನುಷ್ಯರೇ ಬೇಕು.

ನನಗೆ ಬಹಳ ಸರಿಕಾಣುವ ವ್ಯವಸ್ಥೆ ಕೊಡು-ಕೊಳ್ಳುವಿಕೆಯದು. ನಮ್ಮಲ್ಲಿ ಅರ್ಧ ಜನ ಬೇಸಿಗೆಯಲ್ಲಿ ಊರಿಗೆ ಹೋಗುತ್ತಾರೆ, ಇನ್ನರ್ಧ ಡಿಸೆಂಬರಿನಲ್ಲಿ. ಜೂನಿನಲ್ಲಿ ನನ್ನ ಹಿತ್ತಲು ನೀವು ನೋಡಿ, ಕ್ರಿಸ್ಮಸ್‌ಗೆ ನಿಮ್ಮದನ್ನು ನಾನು ನೋಡುತ್ತೇನೆ. ಹೊಸ ಸಂಘ ಕಟ್ಟಬೇಕಿಲ್ಲ, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರೆ ಸಾಕು. ಆಸ್ಟಿನ್ ಕನ್ನಡ ಸಂಘದ ರಾಜ್ಯೋತ್ಸವಕ್ಕೋ ಯುಗಾದಿಗೋ ಸೇರಿದಾಗ, ಡಾಲಸ್‌ನಲ್ಲಾದರೆ ಮಲ್ಲಿಗೆ ಕನ್ನಡ ಸಂಘದಲ್ಲಿ, ಹ್ಯೂಸ್ಟನ್‌ನಲ್ಲಾದರೆ ಕನ್ನಡ ವೃಂದದಲ್ಲಿ ಪರಿಚಯದವರನ್ನು ಕೇಳಿ ನೋಡಿ. ಬೆಕ್ಕು ಸಾಕದವರೂ ದಿನಕ್ಕೆ ಹತ್ತು ನಿಮಿಷದ ಕೆಲಸಕ್ಕೆ ಒಪ್ಪುತ್ತಾರೆ. ಪಕ್ಕದ ಬೀದಿಯ ಹೈಸ್ಕೂಲು ಹುಡುಗ-ಹುಡುಗಿಯರಿಗೆ ಸಂಬಳ ಕೊಟ್ಟು ಒಪ್ಪಿಸುವುದೂ ಒಳ್ಳೆಯದೇ, ಅವರ ಅಪ್ಪ-ಅಮ್ಮನ ಜೊತೆ ಮೊದಲು ಮಾತಾಡಿ.

ಒಪ್ಪಿದವರನ್ನು ಹೊರಡುವ ಮೂರು ವಾರ ಮುಂಚಿನಿಂದಲೇ ಊಟದ ಹೊತ್ತಿಗೆ ಕರೆಯಿರಿ. ಮೊದಲು ಅವರು ನಿಮ್ಮ ಪಕ್ಕ ನಿಂತಿರಲಿ, ಆಮೇಲೆ ಅವರೇ ಹಾಕಲಿ, ಕೊನೆಯ ಕೆಲವು ದಿನ ನೀವು ಬಾಗಿಲಾಚೆಗೂ ಹೋಗಬೇಡಿ. ಬೆಕ್ಕು ಹೊಸ ದನಿಗೆ, ಹೊಸ ಹೆಜ್ಜೆ ಸದ್ದಿಗೆ ಒಗ್ಗಿಕೊಳ್ಳಬೇಕು. ಪ್ರತಿ ಬೆಕ್ಕಿನ ಫೋಟೊ, ಕಿವಿ ಗುರುತು ಇದೆಯೇ, ಊಟದ ಹೊತ್ತು, ಅಳತೆ, ಪಶುವೈದ್ಯರ ನಂಬರ್, ಊರಿನ ಪ್ರಾಣಿ ನಿಯಂತ್ರಣ ವಿಭಾಗದ ನಂಬರ್ ಎಲ್ಲವೂ ಒಂದು ಹಾಳೆಯಲ್ಲಿರಲಿ. ಆಹಾರದ ಚೀಲ ನೀವೇ ತಂದಿಡಿ. ಬೆಕ್ಕಿಗೆ ಗಾಯವಾದರೆ ಎಷ್ಟರವರೆಗೆ ಖರ್ಚು ಮಾಡಬಹುದು ಎಂಬುದನ್ನೂ ಬಾಯಿಬಿಟ್ಟು ಹೇಳಿ, ಹಣ ಮುಂಗಡ ಕೊಡಿ. ಬೆಂಗಳೂರಿನಲ್ಲಿ ನಿಮಗೆ ಹಗಲಾದಾಗ ಇಲ್ಲಿ ರಾತ್ರಿ, ತುರ್ತಿಗೆ ಅವರೇ ನಿರ್ಧರಿಸಬೇಕಾಗುತ್ತದೆ.

ಯಾರೂ ಸಿಗದಿದ್ದರೆ? ಆಗ ಥಟ್ಟನೆ ನಿಲ್ಲಿಸಬೇಡಿ. ಎರಡು ಮೂರು ವಾರದಲ್ಲಿ ಅಳತೆ ತಗ್ಗಿಸುತ್ತ, ದಿನ ಬಿಟ್ಟು ದಿನ ಮಾಡುತ್ತ ಬನ್ನಿ. ಬೆಕ್ಕು ತನ್ನ ಸುತ್ತಾಟ ಹಿಗ್ಗಿಸಿಕೊಂಡು ಬೇರೆ ದಾರಿ ಹುಡುಕಿಕೊಳ್ಳಲು ಅಷ್ಟಾದರೂ ಕಾಲಾವಕಾಶ ಬೇಕು. ಆದರೆ ನೀರಿನ ವಿಷಯದಲ್ಲಿ ಹೀಗೆ ಮಾಡುವಂತಿಲ್ಲ. 2023ರ ಬೇಸಿಗೆಯಲ್ಲಿ ಆಸ್ಟಿನ್‌ನಲ್ಲಿ ಜುಲೈ 8ರಿಂದ ಆಗಸ್ಟ್ 21ರವರೆಗೆ ಸತತ 45 ದಿನ ತಾಪಮಾನ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ನಾವು ಊರಿನ ಮಳೆಯಲ್ಲಿ ನೆನೆಯುವ ವಾರಗಳು ಅವೇ. ಊಟ ಹಾಕಲಾಗದ ನೆರೆಯವರೂ ದಿನಕ್ಕೊಮ್ಮೆ ನೀರು ತುಂಬಲು ಇಲ್ಲ ಎನ್ನಲಾರರು. ನೆರಳಿನಲ್ಲಿ ಎರಡು ಮೂರು ಕಡೆ ಪಿಂಗಾಣಿ ಅಥವಾ ಮಣ್ಣಿನ ಬಟ್ಟಲು ಇಡಿ, ಲೋಹದ್ದು ಸುಡುತ್ತದೆ. ನಿತ್ಯ ಬದಲಾಯಿಸದ ನೀರಿನಲ್ಲಿ ಸೊಳ್ಳೆ ಮರಿ ಮಾಡುತ್ತದೆ.

ಡಿಸೆಂಬರಿನಲ್ಲಿ ಹೊರಡುವವರು ಚಳಿಗೆ ಗೂಡು ಮಾಡಿಟ್ಟು ಹೋಗಿ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಸ್‌ನ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟೇ ಇರಲಿಲ್ಲ, ಅಂಥ ಚಳಿ ಇಲ್ಲೂ ಬೀಳುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಬೆಕ್ಕು ನುಗ್ಗುವಷ್ಟೇ ದೊಡ್ಡ ಕಂಡಿ ಕೊರೆದು ಒಣ ಗೋಧಿಹುಲ್ಲು ತುಂಬಿ. ಕಂಬಳಿ, ಟವೆಲ್ಲು ಬೇಡ, ಅವು ತೇವ ಹೀರಿಕೊಂಡು ಇನ್ನಷ್ಟು ಕೊರೆಯುತ್ತವೆ.

ನೆರೆಹೊರೆ, ಹಕ್ಕಿಗಳು, ನಮ್ಮ ಆರೋಗ್ಯ

ಬಾಡಿಗೆ ಕರಾರಿನಲ್ಲಿ, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ನಿಯಮದಲ್ಲಿ ಹೊರಗಿನ ಪ್ರಾಣಿಗೆ ಊಟ ಹಾಕುವ ಬಗ್ಗೆ ಏನಿದೆ ಎಂದು ಓದಿಕೊಳ್ಳಿ. ನಿಮ್ಮ ಬೆಕ್ಕು ಪಕ್ಕದವರ ಹೂವಿನ ಪಾತಿಯಲ್ಲಿ ಹೊಲಸು ಮಾಡಿದರೆ ಅವರ ಸಿಟ್ಟು ನ್ಯಾಯವೇ. ನಿಮ್ಮ ಹಿತ್ತಲಲ್ಲೇ ಒಂದು ಮೂಲೆಗೆ ಮರಳು ಹಾಕಿ ದಿನವೂ ತೆಗೆಯಿರಿ.

ಹಕ್ಕಿಪ್ರಿಯರ ದೂರನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಅಮೆರಿಕದಲ್ಲಿ ಹೊರಗೆ ಓಡಾಡುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಗೋಲ್ಡನ್-ಚೀಕ್ಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಗೂಡು ಕಟ್ಟುವುದು ಇಡೀ ಜಗತ್ತಿನಲ್ಲಿ ಮಧ್ಯ ಟೆಕ್ಸಸ್‌ನಲ್ಲಿ ಮಾತ್ರ, ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಆದ್ದರಿಂದ ಉದ್ಯಾನ, ಹಳ್ಳದ ದಂಡೆ, ಕುರುಚಲು ಕಾಡಿನ ಅಂಚಿನಲ್ಲಿ ಊಟ ಹಾಕಲೇಬೇಡಿ, ಮನೆಯ ಗೋಡೆ ಪಕ್ಕವೇ ಹಾಕಿ. ಬೆಕ್ಕುಗಳ ಸಂಖ್ಯೆ ಇಳಿಯುವುದು ಹಕ್ಕಿಗೂ ಬೆಕ್ಕಿಗೂ ಒಳ್ಳೆಯದು, ಸಂತಾನಹರಣದ ಮಾತನ್ನು ನಾನು ಮತ್ತೆ ಮತ್ತೆ ಎತ್ತುವುದು ಅದಕ್ಕೇ.

ಊಟ ಹಾಕಿ, ಮುಟ್ಟಬೇಡಿ. ಟೆಕ್ಸಸ್‌ನಲ್ಲಿ ರೇಬೀಸ್ ಮುಖ್ಯವಾಗಿ ಸ್ಕಂಕ್ ಮತ್ತು ಬಾವಲಿಗಳಲ್ಲಿದೆ. ರೌಂಡ್ ರಾಕ್‌ನಲ್ಲಿ ಐ-35ರ ಮೆಕ್‌ನೀಲ್ ಸೇತುವೆ ಅಡಿಯಿಂದ ಸಂಜೆ ಬಾವಲಿಗಳು ಹಾರುವುದನ್ನು ನೋಡಲು ನಾವೇ ಮಕ್ಕಳನ್ನು ಕರೆದೊಯ್ಯುತ್ತೇವೆ. ದೂರದಿಂದ ನೋಡಿದರೆ ಏನೂ ಆಗದು, ನೆಲಕ್ಕೆ ಬಿದ್ದ ಬಾವಲಿಯನ್ನು ಬೆಕ್ಕು ಕಚ್ಚಿ ತಂದರೆ ಮಾತ್ರ ಅಪಾಯ. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಿ, ಪ್ರಾಣಿ ನಿಯಂತ್ರಣದವರಿಗೂ ತಿಳಿಸಿ. ಕಚ್ಚಿದ ಬೆಕ್ಕನ್ನು 10 ದಿನ ನಿಗಾದಲ್ಲಿಡುತ್ತಾರೆ. ರೇಬೀಸ್ ಇಲ್ಲದಿದ್ದರೂ ಬೆಕ್ಕಿನ ಹಲ್ಲಿನ ಸಣ್ಣ ತೂತಿನೊಳಗೆ ಬೇಗ ಕೀವಾಗುತ್ತದೆ, ಸಕ್ಕರೆ ಕಾಯಿಲೆಯ ಹಿರಿಯರಿಗೆ ಇದು ದೊಡ್ಡ ತೊಂದರೆ. ಅಪ್ಪ-ಅಮ್ಮನ ವಿಸಿಟರ್ ಇನ್ಶೂರೆನ್ಸ್ ಕಾಗದ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಚಿಗಟದಿಂದ ಹರಡುವ ಟೈಫಸ್ ಜ್ವರವೂ ಈ ಭಾಗದಲ್ಲಿದೆ. ಗರ್ಭಿಣಿಯರು ಬೆಕ್ಕಿನ ಮರಳಿನ ಹತ್ತಿರ ಹೋಗದಿರುವುದು ಕ್ಷೇಮ.

ರಜೆಗೆ ಬೇರೆ ಊರಿಗೆ ಹೋದಾಗ ಹೋಟೆಲಿನ ಅಂಗಳದಲ್ಲಿ, ಗ್ಯಾಲ್ವೆಸ್ಟನ್‌ನ ಕಡಲ ದಂಡೆಯಲ್ಲಿ ಬೆಕ್ಕು ಕಂಡರೆ ಮೊದಲು ಅದರ ಕಿವಿ ನೋಡಿ, ಅಲ್ಲಿನ ಕೆಲಸದವರನ್ನು ಕೇಳಿ. ಯಾರಾದರೂ ಹಾಕುತ್ತಿದ್ದರೆ ಅವರ ಹೊತ್ತಿಗೆ, ಅವರ ಜಾಗದಲ್ಲೇ ಒಂದಿಷ್ಟು ಹಾಕಿ, ಉಳಿದದ್ದನ್ನು ಎತ್ತಿ ಬನ್ನಿ. ಎರಡು ದಿನದ ಅತಿಥಿ ಹೊಸ ಊಟದ ಜಾಗ ಶುರುಮಾಡಬಾರದು. ಹಾಗೆ ಮನಸ್ಸು ಕರಗಿದರೆ ಆ ಊರಿನ ಸಂತಾನಹರಣ ಕ್ಲಿನಿಕ್ಕಿಗೆ ಒಂದು ಬೆಕ್ಕಿನ ಖರ್ಚು ಕಳಿಸಿ. ಭಾರತದಲ್ಲಿದ್ದಾಗ ಮಕ್ಕಳಿಗೆ ಒಂದು ಮಾತು ಕಡ್ಡಾಯವಾಗಿ ಹೇಳಿ: ನಾಯಿಯಷ್ಟೇ ಅಲ್ಲ, ಬೆಕ್ಕು ಪರಚಿದರೂ ಮುಚ್ಚಿಡದೆ ಬಂದು ಹೇಳಬೇಕು.

ಟೆಕ್ಸಸ್‌ನಲ್ಲಿ ಮರಿಗಳ ಕಾಲ ಮಾರ್ಚಿಗೆ ಶುರುವಾಗುತ್ತದೆ, ಕ್ಲಿನಿಕ್‌ಗಳ ಸರದಿಯೂ ಆಗಿನಿಂದ ಉದ್ದವಾಗುತ್ತದೆ. ಬೇಸಿಗೆಗೆ ಊರಿನ ಟಿಕೆಟು ತೆಗೆದಿರುವವರು, ಅಪ್ಪ-ಅಮ್ಮ ಬರುವುದನ್ನು ಕಾಯುತ್ತಿರುವವರು, ನಿಮ್ಮ ಹಿತ್ತಲಿಗೆ ಬರುವ ಬೆಕ್ಕಿನ ಎಡಗಿವಿಯನ್ನು ನಾಳೆ ಬೆಳಿಗ್ಗೆಯೇ ನೋಡಿ. ಗುರುತು ಇಲ್ಲದಿದ್ದರೆ ಈ ವಾರವೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.